ಪ್ರಾಥಮಿಕ ಶಾಲೆಯಲ್ಲಿ ವರ್ಷದ ಮುಕ್ತಾಯ
(ಗಡಿನಾಡಿನ ಅಧ್ಯಾಪಕರ ಗಮನಕ್ಕೆ ಕೆಲವು ವಿಚಾರಗಳು)

ಅಂಗಡಿಯವನು ವರ್ಷದ ಕೊನೆಗೆ ಖಾತೆ ಮುಗಿಸಿ, ಉಳಿದ ಸರಕನ್ನು ಎಣಿಸಿ, ಹೊಸ ವಹಿಯನ್ನು ತೆರೆಯುತ್ತಾನೆ. ಬೇಸಾಯಗಾರನು ಸುಗ್ಗಿ ಮುಗಿದೊಡನೆ ಕಣವನ್ನು ಗುಡಿಸಿ, ಮನೆಯ ಊಟಕ್ಕೆ ಬೇಕಾದುದನ್ನು ಒಂದೆಡೆ ಕೂಡಿಟ್ಟು, ಮುಂದಿನ ಬಿತ್ತನೆಯ ಬೀಜವನ್ನು ಬೇರೆಯಾಗಿಯೇ ತೆಗೆದಿಡುತ್ತಾನೆ. ಶಾಲೆಯ ವರ್ಷ ಮುಗಿಯುವಾಗ ಅಧ್ಯಾಪಕನಿಗೆ ಈ ಎರಡೂ ಕೆಲಸಗಳಿವೆ. ಹಾಜರಿ ಪುಸ್ತಕವನ್ನು ಪೂರ್ತಿಗೊಳಿಸುವುದು, ಅಂಕಗಳನ್ನು ಕೂಡಿಸುವುದು, ದಾಸ್ತಾನು ಪುಸ್ತಕವನ್ನು ತಾಳೆ ನೋಡುವುದು, ಬಡ್ತಿ ಪಟ್ಟಿಯನ್ನು ಪ್ರಕಟಿಸುವುದು ಇವೆಲ್ಲ ಮೊದಲನೆಯ ಬಗೆಯವು. ಮೇಲಧಿಕಾರಿಗಳು ಕೇಳುವುದರಿಂದ ಇವು ಹೇಗೂ ನಡೆದುಹೋಗುತ್ತವೆ. ಎರಡನೆಯ ಬಗೆಯ ಕೆಲಸವನ್ನು ಯಾರೂ ಕೇಳುವುದಿಲ್ಲ. ಕೇಳದಿರುವುದರಿಂದಲೇ ಅದನ್ನು ಕುರಿತು ನಾಲ್ಕು ಮಾತು ಬರೆಯುವುದು ಅಗತ್ಯವೆಂದು ನಾವು ಭಾವಿಸಿದ್ದೇವೆ.

ಪ್ರೌಢಶಾಲೆಯ ಕೆಲಸದಲ್ಲಿರುವ ನಾವು ಪ್ರಾಥಮಿಕ ತರಗತಿಯ ವಿಚಾರಕ್ಕೆ ಕೈಹಾಕುವುದೇಕೆಂದು ಯಾರಾದರೂ ಕೇಳಬಹುದು. ಕೆಳಗಿನ ತರಗತಿಗಳಲ್ಲಿ ನಡೆದ ಕೆಲಸದ ಫಲವು ಎಂಟನೆಯ ತರಗತಿಯ ಬಾಗಿಲಲ್ಲಿ ನಿಂತಿರುವವರಿಗೆ ಕಾಣುವಷ್ಟು ಸ್ಪಷ್ಟವಾಗಿ ಬೇರೆಯವರಿಗೆ ಕಾಣುವುದು ಕಷ್ಟ. ಜೂನ್ ತಿಂಗಳಲ್ಲಿ ನಮ್ಮಲ್ಲಿಗೆ ಬರುವ ಮಕ್ಕಳಲ್ಲಿ ಕೆಲವರು ಓದನ್ನು ಜೊತೆಗೆ ತರುತ್ತಾರೆ. ಕೆಲವರು ವರ್ಗಾವಣೆ ಪತ್ರವನ್ನು ಮಾತ್ರ ತರುತ್ತಾರೆ. ಬುದ್ಧಿಯ ಹೆಚ್ಚು ಕಡಮೆಯೇ ಇದಕ್ಕೆಲ್ಲ ಕಾರಣವಲ್ಲ. ಒಂದು ಕೈಯಿಂದ ಇನ್ನೊಂದು ಕೈಗೆ ಮಗುವನ್ನು ಒಪ್ಪಿಸಿದ ರೀತಿಯೂ ಬಹುಮಟ್ಟಿಗೆ ಕಾರಣವೆಂಬುದು ನಮ್ಮ ಅನುಭವ.

ಗಡಿನಾಡಿನ ಶಾಲಾವರ್ಷ

ಗಡಿಯ ಹೊರಗಿನ ಕನ್ನಡ ಶಾಲೆಗಳಿಗೆಲ್ಲ ಒಂದೇ ಪಂಚಾಂಗವಿಲ್ಲ. ಕಾಸರಗೋಡಿನಲ್ಲಿ ಮಾರ್ಚ್ ತಿಂಗಳ ಕೊನೆಗೆ ಶಾಲೆ ಮುಚ್ಚುತ್ತದೆ. ತಾಳವಾಡಿ, ಹೊಸೂರುಗಳಲ್ಲಿಯೂ ಆದವಾನಿ, ಮಡಕಶಿರಗಳಲ್ಲಿಯೂ ಏಪ್ರಿಲಿನಲ್ಲಿ. ಅಕ್ಕಲಕೋಟೆ, ಜತ್ತಗಳಲ್ಲಿ ಇನ್ನೂ ಸ್ವಲ್ಪ ತಡವಾಗಿ. ಎಲ್ಲಿಯಾದರೂ ಒಂದೂವರೆ ಎರಡು ತಿಂಗಳ ರಜೆಯಂತೂ ಇದ್ದೇ ಇದೆ.

ನಮಗೆ ಹೆಚ್ಚು ಪರಿಚಯವಿರುವುದು ಕಾಸರಗೋಡು. ೧೯೫೬ರ ನವಂಬರ ೧ರಂದು ಈ ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರೆಯಾಗಿ ಕೇರಳಕ್ಕೆ ಸೇರಿತು. ೧೯೮೪ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣ ದೊರೆಯುವಂತೆ ಸೌಕರ್ಯ ಕಲ್ಪಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸಬೇಕೆನ್ನುವ ಸಂವಿಧಾನದ ೩೫೦-ಎ ವಿಧಿಯು ಬಂದುದೂ ೧೯೫೬ರ ಏಳನೆಯ ತಿದ್ದುಪಡಿಯಿಂದಲೇ. ಸೌಕರ್ಯವನ್ನು ಸರಕಾರ ಒದಗಿಸಬೇಕು; ಅದನ್ನು ಉಪಯೋಗಿಸಿಕೊಳ್ಳುವ ಮಗು ತರಗತಿಯಲ್ಲಿರಬೇಕು. ಈ ಎರಡನೆಯ ಮಾತಿಗೂ ವರ್ಷದ ಕೊನೆಗೂ ಹತ್ತಿರದ ಸಂಬಂಧವಿದೆ.

ಇಲ್ಲಿ ಎಲ್. ಪಿ. ಶಾಲೆಯು ೪ನೆಯ ತರಗತಿಗೆ ಮುಗಿಯುತ್ತದೆ, ಯು. ಪಿ. ಶಾಲೆಯು ೭ಕ್ಕೆ. ಆದುದರಿಂದ ೪ ಮತ್ತು ೭ನೆಯ ತರಗತಿಗಳ ಕೊನೆ ಎಂದರೆ ಅನೇಕ ಮಕ್ಕಳಿಗೆ ಶಾಲೆ ಬದಲಾಯಿಸುವ ಹೊತ್ತು. ಮಾಧ್ಯಮವನ್ನು ಬದಲಾಯಿಸುವ ಹೊತ್ತೂ ಅದೇ. ಮತ್ತೆ, ಜೂನಿನಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನದಂದು ಇರುವ ಮಕ್ಕಳ ಲೆಕ್ಕವನ್ನು ಹಿಡಿದು ಅಧ್ಯಾಪಕರ ಹುದ್ದೆಗಳನ್ನು ನಿಶ್ಚಯಿಸುವ ಕ್ರಮ ಕೇರಳದಲ್ಲಿದೆ. ಆ ದಿನ ಲೆಕ್ಕ ಕಡಮೆಯಾದರೆ ಡಿವಿಜನ್ ಹೋಗುತ್ತದೆ. ಡಿವಿಜನ್ ಹೋದರೆ ಹುದ್ದೆ ಹೋಗುತ್ತದೆ. ಜೂನಿನ ಆರನೆಯ ದಿನ ಎಲ್ಲರೂ ಚಿಂತಿಸುತ್ತಾರೆ. ಆದರೆ ಆ ಲೆಕ್ಕವು ನಿರ್ಧಾರವಾಗುವುದು ಹಿಂದಿನ ಮಾರ್ಚ್ ತಿಂಗಳಲ್ಲಿ.

ಅಂಕ ಹೇಳದಿರುವ ಸಂಗತಿಗಳು

ವಾರ್ಷಿಕ ಪರೀಕ್ಷೆಯ ಅಂಕ ಅಥವಾ ಶ್ರೇಣಿಯು ಮಗುವಿನ ಒಟ್ಟು ಸ್ಥಿತಿಯನ್ನು ಹೇಳುತ್ತದೆ. ಎಡವಿದ ಸ್ಥಳವನ್ನು ಹೇಳುವುದಿಲ್ಲ. ಆದಕಾರಣ ಪರೀಕ್ಷೆಗೆ ಮುಂಚಿನ ಎರಡು ವಾರಗಳಲ್ಲಿ ಒಬ್ಬೊಬ್ಬ ಮಗುವನ್ನೂ ಹತ್ತಿರ ಕರೆದು, ಐದೇ ನಿಮಿಷ, ಅದು ಹಿಂದೆ ಓದಿರದ ಒಂದು ಸಣ್ಣ ಕತೆಯನ್ನು ಓದಿಸಿ ಕೇಳಬೇಕು. ಪಾಠಪುಸ್ತಕದ ಪಾಠವನ್ನು ಓದಿಸಿದರೆ ಬಾಯಿಪಾಠ ಬಂದದ್ದೋ ಓದಲು ಬಂದದ್ದೋ ತಿಳಿಯದು. ಮೂವತ್ತು ಮಕ್ಕಳ ತರಗತಿಗೆ ದಿನಕ್ಕೆ ಮೂವರಂತೆ ಹತ್ತು ದಿನ ಸಾಕು.

ಏನನ್ನು ಗಮನಿಸಬೇಕು? ಗುಣಿತಾಕ್ಷರಗಳಲ್ಲಿ ಹ್ರಸ್ವ ದೀರ್ಘಗಳ ಭೇದ. 'ಅಕ್ಕ', 'ಅಮ್ಮ' ಮುಂತಾದ ಸಜಾತೀಯ ಒತ್ತಕ್ಷರ. 'ಪುಸ್ತಕ', 'ಚಂದ್ರ' ಮುಂತಾದ ವಿಜಾತೀಯ ಒತ್ತಕ್ಷರ. 'ಸೂರ್ಯ', 'ವರ್ಷ'ಗಳಲ್ಲಿ ಬರುವ ಅರ್ಕಾವತ್ತು. 'ರಾಷ್ಟ್ರ', 'ಶಾಸ್ತ್ರ'ಗಳಂತೆ ಎರಡು ಒತ್ತುಗಳು ಕೂಡಿದ ಮಾತು. ಬಳಿಕ ಪುಸ್ತಕವನ್ನು ಮುಚ್ಚಿಸಿ, ಓದಿದ ಕತೆಯನ್ನು ಮಗುವಿನ ಮಾತಿನಲ್ಲೇ ಹೇಳಿಸಬೇಕು. ಮನೆಮಾತಿನಲ್ಲಿ ಹೇಳಿದರೂ ಅಡ್ಡಿಯಿಲ್ಲ. ಅರ್ಥವಾಗಿದೆಯೇ ಎಂಬುದು ಮುಖ್ಯ.

ಗಡಿನಾಡಿನಲ್ಲಿ ಇನ್ನೊಂದು ವಿಶೇಷವುಂಟು. ಇಲ್ಲಿಯ ಮಗು ಒಟ್ಟೊಟ್ಟಿಗೆ ಎರಡು ಮೂರು ಲಿಪಿಗಳನ್ನು ಕಲಿಯುತ್ತಿರುತ್ತದೆ. ತಮಿಳುನಾಡು ೨೦೦೬ರಲ್ಲಿಯೂ ಕೇರಳ ೨೦೧೭ರಲ್ಲಿಯೂ ರಾಜ್ಯಭಾಷೆಯ ಕಲಿಕೆಯನ್ನು ಕುರಿತು ಕಾಯಿದೆಗಳನ್ನು ಮಾಡಿದ ಮೇಲಂತೂ ಇದು ಮತ್ತಷ್ಟು ಗಮನಿಸಬೇಕಾದ ಸಂಗತಿ. ಒಂದು ಲಿಪಿಯ ಅಭ್ಯಾಸ ಇನ್ನೊಂದರೊಳಗೆ ನುಸುಳುವುದು ಸಹಜ. ಮಲಯಾಳದಲ್ಲಿ ಎತ್ವ, ಏತ್ವ, ಐತ್ವಗಳ ಚಿಹ್ನೆ ಅಕ್ಷರದ ಎಡಕ್ಕೆ ಬರುತ್ತದೆ. ಕನ್ನಡದಲ್ಲಿ ಅಕ್ಷರದ ತಲೆಯಿಂದ ಬಲಕ್ಕೆ ಸಾಗುತ್ತದೆ. ತಮಿಳು ಲಿಪಿಯಲ್ಲಿ 'ಕ'ಕಾರ 'ಗ'ಕಾರಗಳಿಗೆ ಒಂದೇ ಅಕ್ಷರ. 'ತ' 'ದ'ಗಳಿಗೂ 'ಪ' 'ಬ'ಗಳಿಗೂ ಹಾಗೆಯೇ. ಮರಾಠಿಯನ್ನು ಬರೆಯುವ ದೇವನಾಗರಿಯಲ್ಲಿ ಹ್ರಸ್ವ 'ಎ' 'ಒ'ಗಳಿಗೆ ಪ್ರತ್ಯೇಕ ಅಕ್ಷರದ ಬಳಕೆಯಿಲ್ಲ; ಆದುದರಿಂದ ಸೊಲ್ಲಾಪುರದ ಕಡೆಯ ಮಗುವಿಗೆ 'ಎರಡು', 'ಏಳು'ಗಳಲ್ಲಿಯ ಭೇದವನ್ನು ಬೇರೆಯಾಗಿಯೇ ಹೇಳಿಕೊಡಬೇಕಾಗುತ್ತದೆ. ತೆಲುಗು ಲಿಪಿಯು ಕನ್ನಡಕ್ಕೆ ತೀರ ಹತ್ತಿರದ ನಂಟ. ನಂಟಸ್ತಿಕೆ ಹೆಚ್ಚಿದಷ್ಟೂ ಗೊಂದಲವೂ ಹೆಚ್ಚು. ತುಳು ಮನೆಮಾತಿನ ಮಕ್ಕಳಿಗೆ ಮಹಾಪ್ರಾಣವು ಆಡುಮಾತಿನಲ್ಲಿ ಇಲ್ಲದ್ದರಿಂದ 'ಧನ'ವೂ 'ದನ'ವೂ ಕಿವಿಗೆ ಒಂದೇ.

ಇವನ್ನು ತಪ್ಪುಗಳೆಂದು ಕೆಂಪು ಶಾಯಿಯಲ್ಲಿ ಗೀಚುವುದು ಸುಲಭ. ಆದರೆ ಇವು ಸೋಮಾರಿತನದ ತಪ್ಪುಗಳಲ್ಲ, ಎರಡು ಭಾಷೆಗಳ ನಡುವಿನ ಸೇತುವೆಯ ಮೇಲೆ ನಡೆಯುವ ಮಗುವಿನ ಹೆಜ್ಜೆಗಳು. ಯಾವ ಹೆಜ್ಜೆ ಜಾರುತ್ತಿದೆ ಎಂದು ತಿಳಿದವನು ವರ್ಷವಿಡೀ ಜೊತೆಗಿದ್ದ ತರಗತಿಯ ಅಧ್ಯಾಪಕನೊಬ್ಬನೇ. ಆ ತಿಳಿವಳಿಕೆಯು ಅವನ ತಲೆಯಲ್ಲಿಯೇ ಉಳಿದು ರಜೆಯಲ್ಲಿ ಕರಗಿಹೋದರೆ ಮುಂದಿನವನು ಮತ್ತೆ ಮೊದಲಿನಿಂದ ಹುಡುಕಬೇಕು. ಅಷ್ಟರಲ್ಲಿ ಓಣಂ ಪರೀಕ್ಷೆ ಬಂದಿರುತ್ತದೆ.

ಒಪ್ಪಿಸುವ ಚೀಟಿ

ಇದಕ್ಕೆ ನಾವು ಸೂಚಿಸುವ ಉಪಾಯ ಬಹಳ ಸರಳವಾದದ್ದು. ಮಗುವೊಂದಕ್ಕೆ ಒಂದು ಚೀಟಿ, ಅಂಗೈಯಗಲದ ಕಾಗದ, ಐದಾರು ವಾಕ್ಯ. ಅಂಕಗಳು ಬೇಡ, ಅವು ಬೇರೆಡೆ ಇವೆ. 'ಚುರುಕು', 'ಮಂದ', 'ಸಾಮಾನ್ಯ' ಎಂಬ ಹಣೆಪಟ್ಟಿಗಳು ಬೇಡವೇ ಬೇಡ. ಒಂದು ಮಾದರಿಯನ್ನು ಇಲ್ಲಿ ಕೊಡುತ್ತೇವೆ:

"ಮೂರರಿಂದ ನಾಲ್ಕಕ್ಕೆ. ಮನೆಮಾತು ತುಳು. ಗುಣಿತ ಪೂರ್ತಿ ಬರುತ್ತದೆ. ಸಜಾತೀಯ ಒತ್ತಕ್ಷರ ಓದುತ್ತಾಳೆ. ವಿಜಾತೀಯದಲ್ಲಿ ತಡೆಯುತ್ತಾಳೆ, ಕಾದರೆ ತಾನೇ ಸರಿಪಡಿಸಿಕೊಳ್ಳುತ್ತಾಳೆ. ಕೂಡಿಸುವ ಲೆಕ್ಕ ಚೆನ್ನಾಗಿದೆ. ಕಳೆಯುವಾಗ ಹತ್ತರ ಸ್ಥಾನದಿಂದ ಎರವಲು ತರುವುದು ತಿಳಿದಿಲ್ಲ. ಹಿಂದೆ ಕುಳಿತರೆ ಹಲಗೆ ಕಾಣಿಸುವುದಿಲ್ಲವೆಂದು ತೋರುತ್ತದೆ, ಕಣ್ಣು ತೋರಿಸಬೇಕೆಂದು ಮನೆಗೆ ಹೇಳಿದೆ. ಕತೆ ಹೇಳುವುದರಲ್ಲಿ ಬಹಳ ಆಸಕ್ತಿ."

ಇಷ್ಟು ಓದಿದ ಹೊಸ ಅಧ್ಯಾಪಕನಿಗೆ ಜೂನಿನ ಮೊದಲನೆಯ ದಿನವೇ ಕೆಲಸ ಎಲ್ಲಿಂದ ಆರಂಭವಾಗಬೇಕೆಂದು ಗೊತ್ತಾಗುತ್ತದೆ. ಅವಳನ್ನು ಮುಂದಿನ ಸಾಲಿನಲ್ಲಿ ಕೂಡಿಸುತ್ತಾನೆ. ತಡೆದಾಗ ಗದರಿಸದೆ ಕಾಯುತ್ತಾನೆ. ಕತೆ ಹೇಳಲು ಮೊದಲು ಅವಳನ್ನೇ ಕರೆಯುತ್ತಾನೆ. ಪ್ರತಿ ಚೀಟಿಯಲ್ಲಿಯೂ ಮಗುವಿಗೆ ಬರುವ ಒಂದು ಸಂಗತಿ ಇರಲೇಬೇಕೆಂಬುದು ನಿಯಮವಾಗಲಿ. ಮಗು ಬೇರೆ ಶಾಲೆಗೆ ಹೋಗುವುದಾದರೆ ಚೀಟಿಯೂ ಅಲ್ಲಿಗೆ ಹೋಗಲಿ. ಕಬ್ಬು ಕಡಿಯುವ ಕೆಲಸಕ್ಕಾಗಿ ವರ್ಷದ ನಡುವೆ ಊರು ಬಿಡುವ ಕುಟುಂಬಗಳಿರುವ ಜತ್ತದಂತಹ ಕಡೆಗಳಲ್ಲಿ ಇಂತಹ ಚೀಟಿಗೆ ವರ್ಷಾಂತ್ಯದವರೆಗೆ ಕಾಯಲೂ ಬಾರದು. ಅಂಕಪಟ್ಟಿ ಈಗ ಗಣಕಯಂತ್ರದಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ಕ್ಷಣದಲ್ಲಿ ಹೋಗುತ್ತದೆ; ಈ ಬಗೆಯ ಸಂಗತಿಗಳು ಮಾತ್ರ ಕೈಬರಹದಲ್ಲಿಯೇ ಹೋಗಬೇಕು.

ದೊಡ್ಡ ರಜೆ

ಮಕ್ಕಳಿಗೆ ರಜೆ ಬೇಕು. ರಜೆಯನ್ನು ಶಾಲೆಯ ಬಾಲವನ್ನಾಗಿ ಮಾಡಿ, ಐವತ್ತು ಪುಟ ಕಾಪಿ ಬರೆಯಲು ಹೇಳುವ ಕ್ರಮವನ್ನು ನಾವು ಒಪ್ಪುವುದಿಲ್ಲ. ಆದರೆ ಅಭ್ಯಾಸ ತಪ್ಪಿದ ವಿದ್ಯೆಯು ಜಾರುತ್ತದೆಂಬುದೂ ನಿಜವೇ. ೨೦೨೦ರ ಮಾರ್ಚಿನಿಂದ ಶಾಲೆಗಳು ಬಹುಕಾಲ ಮುಚ್ಚಿದ್ದ ತರುವಾಯ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದವರು ಕರ್ನಾಟಕವೂ ಸೇರಿದಂತೆ ೫ ರಾಜ್ಯಗಳ ೪೪ ಜಿಲ್ಲೆಗಳಲ್ಲಿ, ೧,೧೩೭ ಸರಕಾರಿ ಶಾಲೆಗಳ ೧೬,೦೬೭ ಮಕ್ಕಳನ್ನು ಪರೀಕ್ಷಿಸಿ ೨೦೨೧ರಲ್ಲಿ ವರದಿ ಪ್ರಕಟಿಸಿದರು. ೨ರಿಂದ ೬ನೆಯ ತರಗತಿಯ ಮಕ್ಕಳಲ್ಲಿ ಸರಾಸರಿ ನೂರಕ್ಕೆ ೯೨ ಮಂದಿ, ಹಿಂದಿನ ವರ್ಷ ಬರುತ್ತಿದ್ದ ಭಾಷಾಸಾಮರ್ಥ್ಯಗಳಲ್ಲಿ ಒಂದನ್ನಾದರೂ ಕಳೆದುಕೊಂಡಿದ್ದರು. ಗಣಿತದಲ್ಲಿ ನೂರಕ್ಕೆ ೮೨ ಮಂದಿ. ಅದು ದೀರ್ಘಕಾಲದ ಮುಚ್ಚುಗಡೆ. ಎರಡು ತಿಂಗಳ ರಜೆಯ ನಷ್ಟ ಅಷ್ಟಿರಲಾರದು. ಆದರೂ ಜಾರುವ ದಿಕ್ಕು ಒಂದೇ.

ಒಳನಾಡಿನ ಮಗುವಿಗೆ ರಜೆಯಲ್ಲಿಯೂ ಬಸ್ಸಿನ ಬೋರ್ಡಿನಲ್ಲಿ, ಅಂಗಡಿಯ ಹೆಸರಿನಲ್ಲಿ, ಮದುವೆಯ ಕಾಗದದಲ್ಲಿ ಕನ್ನಡ ಅಕ್ಷರ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಗಡಿಯಾಚೆಯ ಮಗುವಿಗೆ ಆ ಭಾಗ್ಯ ಕಡಮೆ. ಅನೇಕ ಮಕ್ಕಳಿಗೆ ಶಾಲೆ ಮುಚ್ಚಿದರೆ ಕನ್ನಡದ ಪುಸ್ತಕವೂ ಮುಚ್ಚಿದಂತೆ. ಆದುದರಿಂದ ಕೊನೆಯ ವಾರದಲ್ಲಿ ಮಗುವಿನ ಕೈಯಲ್ಲಿ ಏನನ್ನು ಕೊಟ್ಟು ಕಳುಹಿಸುತ್ತೇವೆ ಎಂಬುದು ಕ್ಷುಲ್ಲಕ ವಿಚಾರವಲ್ಲ.

ಮೊದಲನೆಯದು, ಶಾಲೆಯ ಲೈಬ್ರರಿಯ ಪುಸ್ತಕ. ರಜೆಗೆ ಮುನ್ನ ಎಲ್ಲ ಪುಸ್ತಕಗಳನ್ನೂ ಹಿಂದಕ್ಕೆ ಪಡೆದು ಕಪಾಟಿಗೆ ಬೀಗ ಹಾಕುವುದು ರೂಢಿ. ಲೆಕ್ಕಪತ್ರಕ್ಕಾಗಿ ಒಮ್ಮೆ ಹಿಂದಕ್ಕೆ ಪಡೆಯೋಣ, ಎಣಿಸೋಣ, ಮರುದಿನವೇ ಮಗುವಿಗೆ ಎರಡೆರಡರಂತೆ ಮತ್ತೆ ಕೊಡೋಣ. ಒಂದೆರಡು ಪುಸ್ತಕ ಹರಿದೀತು, ಒಂದು ಕಳೆದೂಹೋದೀತು. ಬೀಗದೊಳಗಿದ್ದ ಪುಸ್ತಕವನ್ನು ಗೆದ್ದಲು ತಿನ್ನುವುದಕ್ಕಿಂತ ಮಗು ಓದಿ ಹರಿಯುವುದು ಲೇಸು. ಪಂಜೆ ಮಂಗೇಶರಾಯರು ಅಧ್ಯಾಪಕರಾಗಿಯೂ ಶಾಲಾ ಇನ್ಸ್‌ಪೆಕ್ಟರಾಗಿಯೂ ದುಡಿದ ಜಿಲ್ಲೆಯಿದು. ಮಕ್ಕಳಿಗಾಗಿ ಅವರು ಬರೆದ ಪದ್ಯಗಳು, ಕತೆಗಳು ಕಪಾಟಿನಲ್ಲಿ ಮಲಗಿರುವುದಕ್ಕಾಗಿ ಬರೆದವಲ್ಲ.

ಎರಡನೆಯದು, ಒಂದು ಸಣ್ಣ ರಜೆಯ ಪುಸ್ತಕ. ದಿನಕ್ಕೆ ಎರಡು ವಾಕ್ಯ ಸಾಕು. ವಿಷಯ ಮಾತ್ರ ಮಗುವಿನ ಮನೆಯದ್ದೇ ಆಗಿರಲಿ. ನಮ್ಮ ಕರಾವಳಿಯಲ್ಲಿ ಏಪ್ರಿಲ್ ಮೇ ತಿಂಗಳುಗಳು ಗೇರುಬೀಜ ಹೆಕ್ಕುವ, ಹಲಸಿನ ಹಪ್ಪಳ ಒತ್ತುವ, ವಿಷುಕಣಿ ಇಡುವ ಕಾಲ. ದಿನಕ್ಕೆ ಎಷ್ಟು ಸೇರು ಗೇರುಬೀಜವಾಯಿತು, ಎಷ್ಟು ಹಪ್ಪಳ ಒಣಗಿತು, ಅಜ್ಜಿ ಏನು ಹೇಳಿದರು ಎಂದು ಬರೆಯಲು ಹೇಳಿದರೆ ಲೆಕ್ಕವೂ ಆಯಿತು, ಬರಹವೂ ಆಯಿತು.

ಮೂರನೆಯದು ಕಿವಿಯ ಕನ್ನಡ. ಯಕ್ಷಗಾನದ ಮೇಳಗಳು ಪತ್ತನಾಜೆಯವರೆಗೆ ತಿರುಗಾಟದಲ್ಲಿರುತ್ತವೆ. ಕುಂಬಳೆಯ ಪಾರ್ತಿಸುಬ್ಬನ ನಾಡಿದು. ಮನೆಯಲ್ಲಿ ತುಳುವನ್ನೋ ಮರಾಠಿಯನ್ನೋ ಕೊಂಕಣಿಯನ್ನೋ ಆಡುವ ಮಗು ಇಲ್ಲಿ ಅಚ್ಚ ಗ್ರಾಂಥಿಕ ಕನ್ನಡದ ಅರ್ಥಗಾರಿಕೆಯನ್ನು ರಾತ್ರಿಯಿಡೀ ಕುಳಿತು ಕೇಳುತ್ತದೆ. ಆಟಕ್ಕೆ ಹೋದವರು ಪ್ರಸಂಗದ ಹೆಸರು, ಬಂದ ವೇಷಗಳು, ಕೇಳಿದ ಐದು ಹೊಸ ಮಾತುಗಳು ಇಷ್ಟನ್ನು ಬರೆದು ತರಲಿ. ತಾಳವಾಡಿಯವರಿಗೂ ಅಕ್ಕಲಕೋಟೆಯವರಿಗೂ ತಮ್ಮ ತಮ್ಮ ಹಬ್ಬ, ಜಾತ್ರೆ, ಹಾಡುಗಳಿವೆ. ಅವರು ಅವನ್ನು ಆರಿಸಿಕೊಳ್ಳಲಿ.

ಈ ಪುಸ್ತಕವನ್ನು ಜೂನಿನಲ್ಲಿ ಅಧ್ಯಾಪಕರು ತಪ್ಪದೆ ನೋಡಬೇಕು. ಯಾರೂ ನೋಡದ ಬರಹವನ್ನು ಮಗು ಮರುವರ್ಷ ಬರೆಯುವುದಿಲ್ಲ.

ವರ್ಗಾವಣೆ ಪತ್ರದ ಪ್ರಶ್ನೆ

ಈಗ ಅತ್ಯಂತ ಸೂಕ್ಷ್ಮವಾದ ವಿಚಾರಕ್ಕೆ ಬರುತ್ತೇವೆ. ಮೇ ತಿಂಗಳ ಕೊನೆಗೆ ತಂದೆಯೊಬ್ಬರು ಬಂದು ಟಿ. ಸಿ. ಕೇಳುತ್ತಾರೆ, ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವುದೆಂದು ನಿಶ್ಚಯವಾಗಿರುತ್ತದೆ. ಆಗ ಮುಖ್ಯೋಪಾಧ್ಯಾಯನು ಭಾಷಾಭಿಮಾನದ ಉಪನ್ಯಾಸ ಮಾಡಿದರೆ ಫಲವಿಲ್ಲ. ಪತ್ರವನ್ನು ತಡೆಹಿಡಿಯುವಂತೆಯೂ ಇಲ್ಲ. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ೫ನೆಯ ಪ್ರಕರಣವು ಅದನ್ನು ಒಡನೆಯೇ ಕೊಡಬೇಕೆಂದು ವಿಧಿಸುತ್ತದೆ. ಹಾಗಿರುವುದು ನ್ಯಾಯವೂ ಹೌದು. ಮಗುವೇನೂ ಶಾಲೆಯ ಒತ್ತೆಯಲ್ಲ.

ಮಾತನಾಡುವ ಕಾಲ ಅದಲ್ಲ, ಫೆಬ್ರವರಿ, ಮಾರ್ಚ್. ಮಗುವಿನ ಹಾಜರಿ, ಕಲಿಯುವ ಶಕ್ತಿ, ಪ್ರಗತಿಗಳನ್ನು ತಂದೆತಾಯಿಗಳಿಗೆ ತಿಳಿಸಲು ನಿಯತವಾಗಿ ಅವರನ್ನು ಕಾಣಬೇಕೆಂಬುದು ಅದೇ ಕಾಯಿದೆಯ ೨೪ನೆಯ ಪ್ರಕರಣದಂತೆ ಅಧ್ಯಾಪಕನ ಕರ್ತವ್ಯ. ವರ್ಷದ ಕೊನೆಯ ತರಗತಿ ಪಿ. ಟಿ. ಎ. ಸಭೆಯನ್ನು ಇದಕ್ಕಾಗಿ ಉಪಯೋಗಿಸಿಕೊಳ್ಳಬೇಕು. ಅಲ್ಲಿ ಭಾಷಣ ಬೇಡ. ತಾಯಿಯ ಎದುರಿನಲ್ಲಿ ಮಗು ಒಂದು ಪುಟ ಓದಲಿ. ಕನ್ನಡ ಓದಲು ಬಾರದ ತಾಯಿಯಾದರೂ ತನ್ನ ಮಗು ತಡವರಿಸದೆ ಓದುವುದನ್ನು ಕಣ್ಣಾರೆ ಕಂಡರೆ, ಆ ಶಾಲೆಯನ್ನು ಬಿಡಿಸಲು ಎರಡು ಬಾರಿ ಯೋಚಿಸುತ್ತಾಳೆ.

"ಕನ್ನಡದಲ್ಲಿ ಓದಿದರೆ ಮುಂದೇನು, ಮಾಸ್ಟ್ರೇ?" ಎಂದು ಕೇಳುವವರಿಗೆ ಇದ್ದುದನ್ನು ಇದ್ದಂತೆ ಹೇಳಬೇಕು. ಕಾಸರಗೋಡಿನಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಬಹುದು, ಎಸ್. ಎಸ್. ಎಲ್. ಸಿ. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಕಾಸರಗೋಡಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ವಿಭಾಗವಿದೆ. ಇಂಗ್ಲಿಷು, ಮಲಯಾಳಗಳೂ ಬೇಕು, ಕಲಿಸುತ್ತೇವೆ. ಅರ್ಥವಾಗುವ ಭಾಷೆಯಲ್ಲಿ ಓದಲು ಕಲಿತ ಮಗು ಮುಂದೆ ಬೇರೆ ಭಾಷೆಯನ್ನೂ ಸುಲಭವಾಗಿ ಹಿಡಿಯುತ್ತದೆ. ಇದಕ್ಕಿಂತ ಹೆಚ್ಚಿನ ಆಶ್ವಾಸನೆಯನ್ನು ನಾವು ಕೊಡಲಾರೆವು, ಕೊಡಲೂ ಬಾರದು. ಸುಳ್ಳು ಭರವಸೆಯಿಂದ ಉಳಿಸಿಕೊಂಡ ಮಗು ಮರುವರ್ಷ ಹೋಗಿಯೇ ಹೋಗುತ್ತದೆ. ಹೋಗುವಾಗ ನೆರೆಮನೆಯ ಇಬ್ಬರನ್ನೂ ಕರೆದುಕೊಂಡು ಹೋಗುತ್ತದೆ.

ಹಾಗಿದ್ದೂ ಹೋಗುವವರು ಹೋಗುತ್ತಾರೆ. ಅವರನ್ನು ಮುಖ ಸಿಂಡರಿಸದೆ ಕಳುಹಿಸಿಕೊಡಬೇಕು. ಲೈಬ್ರರಿಯ ಬಾಗಿಲು ಅವರಿಗೂ ತೆರೆದಿದೆಯೆಂದು ಹೇಳಬೇಕು. ಶಾಲೆ ಬಿಟ್ಟ ಮಗು ಕನ್ನಡವನ್ನೇ ಬಿಡಬೇಕೆಂದಿಲ್ಲ. ಪೆರಡಾಲದ ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಲೇ ಕಾವ್ಯವನ್ನೂ ಕನ್ನಡದ ಹೋರಾಟವನ್ನೂ ನಡೆಸಿದ ಕಯ್ಯಾರ ಕಿಞ್ಞಣ್ಣ ರೈಗಳು ಇದೇ ನೆಲದ ಅಧ್ಯಾಪಕರು. ಸಭೆ, ಮೆರವಣಿಗೆಗಳಿಗೆ ಅವುಗಳದೇ ಸ್ಥಾನವಿದೆ. ಮಾರ್ಚ್ ತಿಂಗಳ ಒಂದು ಸಂಜೆ ಒಂದು ಮನೆಯ ಜಗಲಿಯಲ್ಲಿ ಕುಳಿತು ಆಡುವ ಮಾತಿಗೂ ಅಷ್ಟೇ ಸ್ಥಾನವಿದೆ.

ತರಗತಿಯ ಕೋಣೆ ಮತ್ತು ಕೊನೆಯ ದಿನ

ಕೋಣೆಯ ವಿಚಾರವನ್ನು ಬೇಗ ಮುಗಿಸಬಹುದು. ಶಾಲೆ ಮತ್ತೆ ತೆರೆಯುವಾಗ ಕರಾವಳಿಯಲ್ಲಿ ಮಳೆ ಹಿಡಿದಿರುತ್ತದೆ. ನಕಾಶೆ, ಚಿತ್ರಪಟಗಳನ್ನು ಗೋಡೆಯಿಂದ ತೆಗೆದು ಸುತ್ತಿ ಎತ್ತರದಲ್ಲಿಡಬೇಕು. ಕಪಾಟಿನ ಕೆಳಗಿನ ಅರೆಯನ್ನು ಬರಿದು ಮಾಡಬೇಕು. ಸೋರುವ ಹೆಂಚನ್ನು ಈಗಲೇ ಗುರುತಿಸಬೇಕು. ಇದರಲ್ಲೆಲ್ಲ ಮಕ್ಕಳ ಕೈ ಇರಲಿ, ಭಾರ ಎತ್ತುವ ಕೆಲಸ ಮಾತ್ರ ಬೇಡ.

ಕೊನೆಯ ದಿನ ಪಾಯಸ, ಫೋಟೋಗಳಿರಲಿ. ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡಿಸಬಹುದು. ಜೂನಿನಲ್ಲಿ ಇದೇ ಕೋಣೆಗೆ ಬರಲಿರುವ ಚಿಕ್ಕವರಿಗೆ ಪ್ರತಿಯೊಬ್ಬರೂ ಒಂದು ಕಾಗದ ಬರೆಯಲಿ: ಈ ತರಗತಿಯಲ್ಲಿ ಯಾವ ಪಾಠ ಕಷ್ಟ, ಯಾವುದು ಸೊಗಸು, ಯಾವ ಕಿಟಕಿಯಿಂದ ಗಾಳಿ ಬರುತ್ತದೆ. ಒಂದನೆಯ ತರಗತಿಯವರು ಚಿತ್ರ ಬರೆದು ಹೆಸರು ಬರೆದರೆ ಸಾಕು. ಹೊಸಬರು ಬಂದ ದಿನ ಆ ಕಾಗದಗಳನ್ನು ಅವರಿಗೆ ಹಂಚಿದರೆ, ತಮಗಾಗಿಯೇ ಕನ್ನಡದಲ್ಲಿ ಬರೆದ ಕಾಗದವೊಂದು ಅವರ ಕೈಸೇರುತ್ತದೆ. ಅನೇಕರಿಗೆ ಅದು ಜೀವನದ ಮೊದಲನೆಯ ಕಾಗದವಾಗಿರುತ್ತದೆ.

ಮೇಲೆ ಹೇಳಿದುದನ್ನು ಕಾಲಕ್ರಮದಲ್ಲಿ ಹೀಗೆ ಹೊಂದಿಸಿಕೊಳ್ಳಬಹುದು. ಕೊನೆಯ ತಿಂಗಳ ಮೊದಲೆರಡು ವಾರ ಒಬ್ಬೊಬ್ಬರ ಓದಿನ ತಪಾಸಣೆ. ಎರಡನೆಯ ವಾರದ ಕೊನೆಗೆ ತಂದೆತಾಯಿಗಳ ಸಭೆ. ಸಭೆಗೆ ಬಾರದವರ ಮನೆಗೆ ಮೂರನೆಯ ವಾರದಲ್ಲಿ ಭೇಟಿ. ಪರೀಕ್ಷೆಯ ದಿನಗಳಲ್ಲಿ ಸಂಜೆ ಐದೈದು ಚೀಟಿ. ಕೊನೆಯ ಎರಡು ದಿನ ಪುಸ್ತಕ ವಿತರಣೆ, ಕಾಗದ ಬರೆಸುವುದು. ಕಷ್ಟವಿಲ್ಲವೆಂದು ನಾವು ಹೇಳುವುದಿಲ್ಲ. ಲೆಕ್ಕಪತ್ರಗಳ ಹೊರೆಯ ನಡುವೆ ಇಷ್ಟಕ್ಕೂ ಸಮಯ ಹೊಂದಿಸುವುದು ಕಷ್ಟವೇ. ಒಂದೇ ವರ್ಷದಲ್ಲಿ ಎಲ್ಲವೂ ಆಗದಿದ್ದರೆ ಒಪ್ಪಿಸುವ ಚೀಟಿಯೊಂದನ್ನಾದರೂ ಆರಂಭಿಸೋಣ. ಮೂವತ್ತು ಚೀಟಿಗಳನ್ನು ಬರೆದು ಮುಗಿಸಿದ ಅಧ್ಯಾಪಕನು ತನ್ನ ಮೂವತ್ತು ಮಕ್ಕಳನ್ನೂ ಬಲ್ಲವನಾಗಿರುತ್ತಾನೆ. ಬಲ್ಲವನ ಮಾತನ್ನು ಮನೆಯವರೂ ಕೇಳುತ್ತಾರೆ. ಗಡಿನಾಡಿನಲ್ಲಿ ಕನ್ನಡ ಶಾಲೆಯು ಉಳಿಯುವುದಾದರೆ ಆ ನಂಬಿಕೆಯಿಂದಲೇ ಉಳಿಯಬೇಕು.